ಉದ್ಘಾಟನೆಯಾದ ಆರನೇ ವರ್ಷ ಏನಾಗುತ್ತದೆ? ಆರೋಗ್ಯ ಸಚಿವರಿಗೂ ಕುಲಪತಿಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ
ಮಾನ್ಯ ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು

ವಿಷಯ: ಸರ್ಕಾರಿ ಆಸ್ಪತ್ರೆಗಳ ಸುಸ್ಥಿರ ನಿರ್ವಹಣೆ ಕುರಿತ ಸಂಶೋಧನೆಯನ್ನು ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರುಗಳಿಂದ ಆರಂಭಿಸುವ ಬಗ್ಗೆ.

ಮಾನ್ಯರೆ,

ಒಂದೇ ಪತ್ರವನ್ನು ಇಬ್ಬರಿಗೆ ಬರೆಯುವುದು ಕಚೇರಿ ಪದ್ಧತಿಯಲ್ಲ, ಗೊತ್ತು. ಆದರೆ ನಾನು ಹೇಳಬೇಕಾದ ಸಂಗತಿ ನಿಮ್ಮಿಬ್ಬರ ನಡುವೆ ಎಲ್ಲೋ ಬಿದ್ದುಹೋಗಿದೆ. ಆಸ್ಪತ್ರೆಗಳು ಸಚಿವರ ಇಲಾಖೆಯವು; ಆಸ್ಪತ್ರೆಗಳನ್ನು ಅಧ್ಯಯನ ಮಾಡಬೇಕಾದ ವಿದ್ಯಾರ್ಥಿಗಳು ಕುಲಪತಿಗಳ ವಿಶ್ವವಿದ್ಯಾಲಯದವರು. ಆರೋಗ್ಯ ಸೌಧ ಮಾಗಡಿ ರಸ್ತೆಯಲ್ಲಿದೆ, ವಿಶ್ವವಿದ್ಯಾಲಯ ಜಯನಗರದಲ್ಲಿದೆ. ಬೆಂಗಳೂರಿನ ಟ್ರಾಫಿಕ್ ಎಷ್ಟೇ ಇರಲಿ, ಅಲ್ಲಿನ ಪ್ರಶ್ನೆ ಇಲ್ಲಿಗೂ ಇಲ್ಲಿನ ಉತ್ತರ ಅಲ್ಲಿಗೂ ತಲುಪಲು ಇಷ್ಟು ವರ್ಷ ಬೇಕಿಲ್ಲ.

ನಾನು ತಾಲ್ಲೂಕು ಆಸ್ಪತ್ರೆಗಳ ಕಚೇರಿಯಲ್ಲಿ ದುಡಿದು ಅಧೀಕ್ಷಕ ಹುದ್ದೆಯಿಂದ ನಿವೃತ್ತನಾದವನು. ಡಾಕ್ಟರಲ್ಲ, ಫಾರ್ಮಸಿಸ್ಟೂ ಅಲ್ಲ. ಕರೆಂಟ್ ಬಿಲ್ಲು, ಟ್ಯಾಂಕರ್ ಬಿಲ್ಲು, ಲಾಂಡ್ರಿ ಬಿಲ್ಲು, ಜನರೇಟರಿನ ಲಾಗ್ ಬುಕ್ಕು, ಡೆಡ್ ಸ್ಟಾಕ್ ರಿಜಿಸ್ಟರು, ಆಡಿಟ್‌ನವರು ಬರೆದುಹೋದ ಆಕ್ಷೇಪಣೆಗಳಿಗೆ ಸಮಜಾಯಿಷಿ. ನಾನು ಕಂಡ ಆಸ್ಪತ್ರೆ ಇಷ್ಟೇ. ಆದರೆ ರೋಗಿ ಕಾಣುವ ಆಸ್ಪತ್ರೆ ನಡೆಯುವುದು ಈ ಆಸ್ಪತ್ರೆ ನಡೆದರೆ ಮಾತ್ರ.

ಈಚೆಗೆ ಆಸ್ಪತ್ರೆಗಳ ಸುಸ್ಥಿರತೆ ಎಂಬ ವಿಷಯದ ಮೇಲೆ ವಿಚಾರ ಸಂಕಿರಣಗಳು ಹೆಚ್ಚುತ್ತಿವೆ. ಒಳ್ಳೆಯದೇ. ವೇದಿಕೆಯ ಮೇಲೆ ಇಂಗಾಲದ ಹೆಜ್ಜೆಗುರುತು, ಹಸಿರು ಕಟ್ಟಡ, ನಿವ್ವಳ ಸೊನ್ನೆ (ಹೊರಬಿಟ್ಟಷ್ಟು ಅನಿಲವನ್ನು ಹೀರಿಸಿ ಸರಿದೂಗಿಸುವುದು) ಎಂಬ ಮಾತುಗಳು ಬರುತ್ತವೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಅದೇ ಹೊತ್ತಿನಲ್ಲಿ ಇರುವ ಚಿಂತೆ ಬೇರೆ: ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ಕೋಣೆಗೆ (ಓಟಿ) ನೀರು ಬರುತ್ತದೋ ಇಲ್ಲವೋ. ಇವೆರಡೂ ಬೇರೆ ಬೇರೆ ಲೋಕ ಎಂದು ಇಬ್ಬರೂ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಎರಡೂ ಒಂದೇ ಖಾತೆಯ ಎರಡು ಕಾಲಂಗಳು. ಪೋಲಾದ ಯೂನಿಟ್ಟು, ಪೋಲಾದ ನೀರು, ಹಾಳಾಗಿ ಮೂಲೆ ಸೇರಿದ ಯಂತ್ರ, ಸುಮ್ಮನೆ ಜಿಲ್ಲಾಸ್ಪತ್ರೆಗೆ ಓಡಿದ ಆಂಬುಲೆನ್ಸು ಎಲ್ಲವೂ ದುಡ್ಡಿನ ಕಾಲಂನಲ್ಲೂ ಬರುತ್ತವೆ, ಪರಿಸರದ ಕಾಲಂನಲ್ಲೂ ಬರುತ್ತವೆ. ಮೂರನೆಯ ಕಾಲಂ ರೋಗಿಯದು. ಅದನ್ನು ಯಾರೂ ಬರೆದಿಡುವುದಿಲ್ಲ.

ಜಗತ್ತಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಹೆಲ್ತ್ ಕೇರ್ ವಿದೌಟ್ ಹಾರ್ಮ್ ಎಂಬ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಶೇ 4.4ರಷ್ಟು ಆರೋಗ್ಯ ಕ್ಷೇತ್ರದ ಪಾಲು. ಅದರಲ್ಲೂ ಶೇ 71ರಷ್ಟು ಬರುವುದು ಔಷಧ, ಉಪಕರಣ, ಸಾಗಾಟ ಮುಂತಾದ ಖರೀದಿ ಸರಪಳಿಯಿಂದ. ಅಂದರೆ ಆಸ್ಪತ್ರೆಯ ಆವರಣದಲ್ಲಿ ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ತೀರುವ ಲೆಕ್ಕವಲ್ಲ ಇದು. ಇಂಡೆಂಟು, ಟೆಂಡರು, ಸ್ಟೋರ್ ರೂಮಿನ ಲೆಕ್ಕ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2020ರಲ್ಲಿ ತನ್ನ ನೇರ ಹೊರಸೂಸುವಿಕೆಯನ್ನು 2040ರೊಳಗೆ, ಖರೀದಿಯದ್ದನ್ನೂ ಸೇರಿಸಿ 2045ರೊಳಗೆ ನಿವ್ವಳ ಸೊನ್ನೆಗೆ ಇಳಿಸುವುದಾಗಿ ಘೋಷಿಸಿತು. 2022ರಲ್ಲಿ ಅದಕ್ಕೆ ಕಾಯ್ದೆಯ ಬಲವೂ ಬಂತು. ಬ್ರಿಟನ್ನಿನವರ ಕೆಲಸದಲ್ಲಿ ನನಗೆ ಹಿಡಿಸಿದ್ದು ಘೋಷಣೆಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊ ಭಾಗದ ಆಸ್ಪತ್ರೆಗಳಲ್ಲಿ ಔಷಧ ವಿಭಾಗದವರು ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡಿನ ಲೆಕ್ಕ ಹಾಕಲು ಕೂತರು. ಎಷ್ಟು ಸಿಲಿಂಡರ್ ಖರೀದಿಯಾಯಿತು, ಓಟಿಯಲ್ಲಿ ರೋಗಿಗಳಿಗೆ ನಿಜಕ್ಕೂ ಎಷ್ಟು ಕೊಟ್ಟರು ಎಂದು ತಾಳೆ ನೋಡಿದರೆ, ಬಹುಪಾಲು ಅನಿಲ ರೋಗಿಯ ಮೂಗಿನವರೆಗೆ ಹೋಗಿಯೇ ಇರಲಿಲ್ಲ. ಸಿಲಿಂಡರುಗಳನ್ನು ಜೋಡಿಸುವ ಮ್ಯಾನಿಫೋಲ್ಡಿನಲ್ಲಿ, ಪೈಪಿನಲ್ಲಿ ಸೋರಿಹೋಗುತ್ತಿತ್ತು. ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿದಿಡುವ ಅನಿಲ ಅದು. ಹೊಸ ಯಂತ್ರ ಬೇಕಾಗಲಿಲ್ಲ, ವಿದೇಶಿ ಸಲಹೆಗಾರರು ಬೇಕಾಗಲಿಲ್ಲ. ಸ್ಟಾಕ್ ಬುಕ್ಕನ್ನೂ ಓಟಿ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು, ಅಷ್ಟೇ. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟಿದ್ದೇವೆ?

ಬ್ರಿಟನ್ನಿನ ಮಾತು ಯಾಕೆ, ಪಕ್ಕದ ಮದುರೈ ಇದೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಒಂದು ಶಸ್ತ್ರಚಿಕಿತ್ಸೆಗೆ ಎಷ್ಟು ಕಸ, ಎಷ್ಟು ಇಂಗಾಲ ಎಂದು ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ಶಸ್ತ್ರಚಿಕಿತ್ಸೆಗೆ 250 ಗ್ರಾಂ ಕಸ, ಸುಮಾರು 6 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ. ಬ್ರಿಟನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆಗೆ ಆಗುವುದರ ಹೆಚ್ಚುಕಡಿಮೆ ಶೇ 5 ಮಾತ್ರ. ಫಲಿತಾಂಶದಲ್ಲಿ ಅವರಿಗಿಂತ ಇವರು ಕಡಿಮೆಯಿಲ್ಲ. ಗಮನಿಸಬೇಕಾದದ್ದು ಏನೆಂದರೆ, ಅರವಿಂದದವರು ಭೂಮಿ ಉಳಿಸಲು ಹೊರಟವರಲ್ಲ. ಬಡವರ ಕಣ್ಣಿಗೆ ಕಡಿಮೆ ಖರ್ಚಿನಲ್ಲಿ ಬೆಳಕು ಕೊಡಲು ಹೊರಟವರು. ಸರ್ಜನ್ನರ ಸಮಯ ವ್ಯರ್ಥವಾಗದಂತೆ ಎರಡು ಟೇಬಲ್ಲು, ತೊಳೆದು ಕ್ರಿಮಿಶುದ್ಧಿ ಮಾಡಿ ಮತ್ತೆ ಬಳಸುವ ಉಪಕರಣ, ಅಳೆದು ತೂಗಿ ಬಳಸುವ ಸಾಮಾನು. ಖರ್ಚು ಉಳಿಸಲು ಮಾಡಿದ್ದೇ ಪರಿಸರಕ್ಕೂ ಒದಗಿತು. ನಮ್ಮ ಹಿರಿಯ ಸಿಸ್ಟರ್‌ಗಳು ಗ್ಲೌಸ್ ತೊಳೆದು ಪೌಡರ್ ಹಾಕಿ ಒಣಗಿಸುತ್ತಿದ್ದ ಕಾಲವನ್ನು ನೋಡಿದವನು ನಾನು. ಆ ಕಾಲ ಮರಳಿ ಬರಲಿ ಎಂದು ಹೇಳುತ್ತಿಲ್ಲ. ಸೋಂಕಿನ ವಿಷಯದಲ್ಲಿ ಹುಡುಗಾಟ ಬೇಡ. ಯಾವುದನ್ನು ಮರುಬಳಸಬಹುದು, ಯಾವುದನ್ನು ಕೂಡದು ಎಂದು ಗಟ್ಟಿಯಾಗಿ ಹೇಳುವ ಅಧ್ಯಯನ ನಮ್ಮ ಜಿಲ್ಲೆಗಳಿಂದಲೂ ಬರಲಿ ಎನ್ನುತ್ತಿದ್ದೇನೆ.

ಈಗ ನಮ್ಮ ಮನೆಗೆ ಬರೋಣ.

ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೊಕ್ಲೇವ್‌ನ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಹರಿದಿತ್ತು. ಹಬೆ ಹಿಡಿದು ನಿಲ್ಲದು. ಗ್ಯಾಸ್ಕೆಟ್ಟಿನ ಬೆಲೆ ಕೆಲವೇ ನೂರು ರೂಪಾಯಿ. ಮೂರು ಕೊಟೇಶನ್ ತರಿಸಬೇಕು. ಊರಲ್ಲಿ ಆ ಸಾಮಾನು ಮಾರುವವರು ಒಬ್ಬರೂ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಒಬ್ಬರು ಇದ್ದಾರೆ, ಅವರು ಜಿಎಸ್‌ಟಿ ಬಿಲ್ಲು ಕೊಡಲು ತಯಾರು, ಕೊಟೇಶನ್ ಕೊಡಲು ತಯಾರಿಲ್ಲ. ಕಂಪನಿಯ ವಾರ್ಷಿಕ ನಿರ್ವಹಣಾ ಕರಾರು ಮುಗಿದಿದೆ, ನವೀಕರಣದ ಕಡತ ಮೇಲಿನ ಕಚೇರಿಯಲ್ಲಿದೆ. ಅಷ್ಟರಲ್ಲಿ ಓಟಿಗೆ ಬೇಕಾದ ಕ್ರಿಮಿಶುದ್ಧ ಸಾಮಾನಿನ ಡ್ರಮ್ಮುಗಳನ್ನು ಹೇಗೋ ಹೊಂದಿಸಿಕೊಂಡರು. ಹೊಂದಿಕೆಯಾಗದ ದಿನ ಸಿಸೇರಿಯನ್ ಕೇಸುಗಳನ್ನು ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. 108 ಬಂತು, ಹೋಯಿತು. ಗರ್ಭಿಣಿಯ ಜತೆ ಅವಳ ತಾಯಿ, ಗಂಡ, ಒಂದು ಸಣ್ಣ ಮಗು. ಅವರಿಗೆ ಜಿಲ್ಲಾ ಕೇಂದ್ರದಲ್ಲಿ ಊಟ, ಬಸ್ಸು, ಕೂಲಿ ತಪ್ಪಿದ ದಿನಗಳು. ಇಷ್ಟೆಲ್ಲ ಖರ್ಚನ್ನು ಯಾರ ಖಾತೆಗೆ ಬರೆಯಬೇಕು? ನಮ್ಮ ರಿಜಿಸ್ಟರಿನಲ್ಲಿ ಒಂದೇ ಸಾಲು ಇತ್ತು: ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’.

ಈ ಗ್ಯಾಸ್ಕೆಟ್ಟಿನ ನಿಜವಾದ ಬೆಲೆ ಎಷ್ಟು ಎಂದು ಲೆಕ್ಕ ಹಾಕುವುದೇ ಆಸ್ಪತ್ರೆ ನಿರ್ವಹಣೆಯ ಸಂಶೋಧನೆ. ಆಂಬುಲೆನ್ಸಿನ ಡೀಸೆಲ್ ಸೇರಿಸಿ, ತಪ್ಪಿದ ಕೂಲಿ ಸೇರಿಸಿ, ಜಿಲ್ಲಾಸ್ಪತ್ರೆಯ ಲೇಬರ್ ವಾರ್ಡಿನಲ್ಲಿ ಒಂದು ಹಾಸಿಗೆಗೆ ಇಬ್ಬರಾದದ್ದನ್ನು ಸೇರಿಸಿ.

ಇದು ಒಂದು ಆಸ್ಪತ್ರೆಯ ಗೋಳಲ್ಲ ಎನ್ನುವುದಕ್ಕೆ ಸರ್ಕಾರದ ಅಂಕಿಗಳೇ ಇವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರ ಸುಮಾರಿಗೆ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಶುರುವಾದಾಗ ದೇಶದ 29,000ಕ್ಕೂ ಹೆಚ್ಚು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಉಪಕರಣಗಳನ್ನು ಎಣಿಸಿದರು. ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ ಶೇ 34ರವರೆಗೆ ಉಪಕರಣಗಳು ಕೆಟ್ಟು ಕೂತಿದ್ದವು. ಆಮೇಲೆ ಗುರಿ ನಿಗದಿಯಾಯಿತು: ಜಿಲ್ಲಾಸ್ಪತ್ರೆಯಲ್ಲಿ ಉಪಕರಣಗಳು ಶೇ 95ರಷ್ಟು ಸಮಯ ಚಾಲ್ತಿಯಲ್ಲಿರಬೇಕು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ 80. ಹಳ್ಳಿಗೆ ಹೋದಂತೆ ಗುರಿಯೇ ಇಳಿಯುತ್ತದೆ. ಬಿಡಿ, ಅದು ಬೇರೆ ಜಗಳ. ಕಾರ್ಯಕ್ರಮದಿಂದ ಸುಧಾರಣೆ ಆಗಿದೆ. ಟೋಲ್ ಫ್ರೀ ನಂಬರಿಗೆ ಕರೆ ಮಾಡಿದರೆ ಎಂಜಿನಿಯರ್ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾವ ಯಂತ್ರ ಯಾಕೆ ಕೆಡುತ್ತದೆ? ವೋಲ್ಟೇಜ್ ಏರಿಳಿತದಿಂದಲೋ, ಬಳಸಲು ತರಬೇತಿ ಇಲ್ಲದ್ದರಿಂದಲೋ, ಬಿಡಿಭಾಗ ಸಿಗದೆಯೋ, ಬಳಸದೆ ಇಟ್ಟದ್ದರಿಂದಲೋ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕಾರಣ ತಿಳಿಯದೆ ರಿಪೇರಿ ಮಾಡಿಸುವುದು ಅಂದರೆ ಜ್ವರ ಯಾಕೆ ಬಂತೆಂದು ನೋಡದೆ ದಿನಾ ಪ್ಯಾರಾಸಿಟಮಾಲ್ ಬರೆದುಕೊಟ್ಟ ಹಾಗೆ.

ಖರೀದಿಯಲ್ಲೇ ಬೇರು ಇರುವ ಕಾಯಿಲೆಯೂ ಒಂದಿದೆ. ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಯಂತ್ರ, ಅಂದರೆ ಅನಲೈಸರ್, ಅಗ್ಗಕ್ಕೆ ಬರುತ್ತದೆ, ಕೆಲವೊಮ್ಮೆ ಪುಕ್ಕಟೆಯೇ ಬರುತ್ತದೆ. ಆದರೆ ಅದಕ್ಕೆ ಅದೇ ಕಂಪನಿಯ ರಿಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಮಾತ್ರ ಹಿಡಿಸುತ್ತದೆ. ರಿಏಜೆಂಟಿಗೆ ಅನುದಾನ ಮುಗಿದ ದಿನ ಯಂತ್ರದ ಮೇಲೆ ಬಟ್ಟೆ ಹೊದಿಸುತ್ತಾರೆ. ಸರ್ಕಾರಿ ಖರೀದಿಗಳ ಕುರಿತ 1999ರ ಪಾರದರ್ಶಕತೆ ಕಾಯ್ದೆಯ ಅಡಿ ಟೆಂಡರ್ ಕರೆದು ಕಡಿಮೆ ಬೆಲೆಗೆ ಕೊಟ್ಟವರನ್ನು ಆರಿಸಿದರೆ ಆಡಿಟ್ಟಿಗೆ ಉತ್ತರ ಸಿಕ್ಕಿತು. ಹತ್ತು ವರ್ಷದ ರಿಏಜೆಂಟು, ಕರೆಂಟು, ಬಿಡಿಭಾಗ ಎಲ್ಲ ಸೇರಿಸಿದ ಬೆಲೆಯನ್ನು ಟೆಂಡರಿನ ಹಂತದಲ್ಲೇ ಹೋಲಿಸಿ ನೋಡಿದರೆ ಹೇಗೆ ಎಂದು ಕೇಳುವ ವಿದ್ಯಾರ್ಥಿ ಬೇಕು. ಆ ವಿದ್ಯಾರ್ಥಿಗೆ ಹಳೆಯ ಟೆಂಡರ್ ಕಡತ ತೋರಿಸುವ ಇಲಾಖೆಯೂ ಬೇಕು.

ಸೌರ ವಿದ್ಯುತ್ತಿನ ಕುರಿತು ನನಗೆ ನಿಜಕ್ಕೂ ಉತ್ಸಾಹವಿದೆ, ಅದಕ್ಕೇ ಆತಂಕವೂ ಇದೆ. ಸೌರಶಕ್ತಿ ಕ್ಷೇತ್ರದಲ್ಲಿ ಕೆಲಸ ಮಾಡುವ ಸೆಲ್ಕೊ ಫೌಂಡೇಶನ್ ಜತೆ ಸೇರಿ ನಡೆಸುತ್ತಿರುವ ಸೌರ ಸ್ವಾಸ್ಥ್ಯ ಯೋಜನೆಯಲ್ಲಿ ರಾಜ್ಯದ 5,000 ಆರೋಗ್ಯ ಕೇಂದ್ರಗಳಿಗೆ ಸೌರಶಕ್ತಿ ಒದಗಿಸುವ ಗುರಿ ಇಟ್ಟುಕೊಂಡಿದ್ದೀರಿ. ರಾತ್ರಿ ಹೆರಿಗೆ ಮಾಡಿಸುವಾಗ ಕರೆಂಟ್ ಹೋದರೆ ಟಾರ್ಚ್ ಹಿಡಿದು ನಿಲ್ಲುವ ಆಯಾಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆ 2ರಿಂದ 8 ಡಿಗ್ರಿಯೊಳಗೆ ಇರಬೇಕು; ಅದಕ್ಕೆ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ಭೇದ ತಿಳಿಯದು. ಛತ್ತೀಸಗಢದಲ್ಲಿ 147 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಹೋಲಿಸಿದ ಅಧ್ಯಯನ 2017ರಲ್ಲಿ ಬಂತು. ಕರೆಂಟಿಗೆ ಪರದಾಡುವ ಕೇಂದ್ರಗಳಿಗಿಂತ ಸೌರಶಕ್ತಿ ಇದ್ದ ಕೇಂದ್ರಗಳಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಎರಡು ಪಟ್ಟು ಹೆರಿಗೆಗಳಾಗುತ್ತಿದ್ದವು. ಹೀಗಿರಬೇಕು ಸಂಶೋಧನೆ: ಫಲಕ ಎಷ್ಟು ಕೂರಿಸಿದಿರಿ ಎಂದು ಕೇಳುವುದಿಲ್ಲ, ಹೆರಿಗೆ ಎಷ್ಟಾಯಿತು ಎಂದು ಕೇಳುತ್ತದೆ.

ನನ್ನ ಆತಂಕ ಇಷ್ಟು. ಫಲಕ 25 ವರ್ಷ ಬಾಳುತ್ತದೆ. ಇನ್ವರ್ಟರ್ ಅಷ್ಟು ಬಾಳದು. ಲೆಡ್ ಆ್ಯಸಿಡ್ ಬ್ಯಾಟರಿ ಐದು ವರ್ಷ ಚೆನ್ನಾಗಿ ಬಂದರೆ ಪುಣ್ಯ, ಅದೂ ಡಿಸ್ಟಿಲ್ಡ್ ವಾಟರ್ ಹಾಕುವವರು ಇದ್ದರೆ. ಉದ್ಘಾಟನೆಯಾದ ಆರನೇ ವರ್ಷ ಬ್ಯಾಟರಿ ಸತ್ತಾಗ ಹೊಸದನ್ನು ಯಾವ ಲೆಕ್ಕಶೀರ್ಷಿಕೆಯಿಂದ, ಅಂದರೆ ಬಜೆಟ್ಟಿನ ಯಾವ ಬಾಬಿನಿಂದ, ಕೊಳ್ಳಬೇಕು? ಆಗ ದಾನಿ ಸಂಸ್ಥೆಯ ಯೋಜನೆ ಮುಗಿದಿರುತ್ತದೆ. ವೈದ್ಯಾಧಿಕಾರಿ ಬದಲಾಗಿರುತ್ತಾರೆ. ಸ್ಟೋರಿನಲ್ಲಿ ವಾರಂಟಿ ಕಾರ್ಡು ಇರಬಹುದು, ಇಲ್ಲದಿರಬಹುದು. ಸೌರಶಕ್ತಿಯಿಂದ ಕರೆಂಟ್ ಬಿಲ್ಲಿನಲ್ಲಿ ಉಳಿತಾಯವಾದ ದುಡ್ಡು ಆಸ್ಪತ್ರೆಯ ಕೈಯಲ್ಲೇ ಉಳಿದರೆ ಬ್ಯಾಟರಿಗೆ ಕೂಡಿಡಬಹುದಿತ್ತು. ಆದರೆ ಉಳಿಸಿದ ಆಸ್ಪತ್ರೆಗೆ ಮುಂದಿನ ವರ್ಷ ಆ ಶೀರ್ಷಿಕೆಯಲ್ಲಿ ಅನುದಾನವೇ ಕಡಿತವಾಗುತ್ತದೆ. ಉಳಿಸಿದವನಿಗೆ ಶಿಕ್ಷೆ, ಪೋಲು ಮಾಡಿದವನಿಗೆ ಹೆಚ್ಚುವರಿ ಅನುದಾನ. ಎಲ್ಲ ಕಚೇರಿಯಲ್ಲೂ ಮಾರ್ಚ್ ತಿಂಗಳಲ್ಲಿ ಖರ್ಚು ಮಾಡುವ ಅವಸರ ಯಾಕೆ ಎಂದು ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ.

ಆಮ್ಲಜನಕದ ವಿಷಯ ಬರೆಯದೆ ಇರಲಾರೆ. 2021ರ ಮೇ 2ರ ರಾತ್ರಿ ಮತ್ತು ಮರುದಿನ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ತೀರಿಹೋದರು. ಆ ನಂತರ ದೇಶದಾದ್ಯಂತ ಆಸ್ಪತ್ರೆಗಳ ಹಿತ್ತಲಲ್ಲಿ ಪಿಎಸ್‌ಎ ಆಮ್ಲಜನಕ ಘಟಕಗಳು ಎದ್ದವು. ಪಿಎಂ ಕೇರ್ಸ್ ನಿಧಿಯಿಂದಲೇ 1,200ಕ್ಕೂ ಹೆಚ್ಚು. ಗಾಳಿಯನ್ನು ಒತ್ತಿ ಜಿಯೊಲೈಟ್ ಹರಳುಗಳ ಮೂಲಕ ಹಾಯಿಸಿ ಸಾರಜನಕ ಹಿಡಿದಿಟ್ಟು, ಸುಮಾರು ಶೇ 93 ಶುದ್ಧ ಆಮ್ಲಜನಕ ಕೊಡುವ ಯಂತ್ರ ಅದು. ಜಿಯೊಲೈಟಿಗೆ ತೇವ ಆಗದು, ಕಂಪ್ರೆಸರಿನ ಎಣ್ಣೆಯೂ ಆಗದು. ಫಿಲ್ಟರ್ ಬದಲಿಸುತ್ತಿರಬೇಕು, ಆಗಾಗ ಓಡಿಸುತ್ತಿರಬೇಕು. ಓಡಿಸಿದರೆ ಕರೆಂಟ್ ಬಿಲ್ಲು ಏರುತ್ತದೆ, ಓಡಿಸದಿದ್ದರೆ ಯಂತ್ರ ಕೆಡುತ್ತದೆ. ಸಿಲಿಂಡರ್ ತರಿಸುವುದು ಸುಲಭ, ಅದಕ್ಕೆ ಬೇರೆ ಶೀರ್ಷಿಕೆ ಇದೆ. ಹೀಗಾಗಿ ಬೀಗ ಬಿತ್ತು. ನಮ್ಮ ರಾಜ್ಯದ ಘಟಕಗಳಲ್ಲಿ ಇವತ್ತು ಎಷ್ಟು ಓಡುತ್ತಿವೆ, ಎಷ್ಟು ಶುದ್ಧತೆಯ ಅನಿಲ ಕೊಡುತ್ತಿವೆ, ಒಂದು ಘನ ಮೀಟರಿಗೆ ಎಷ್ಟು ಯೂನಿಟ್ ತಿನ್ನುತ್ತಿವೆ ಎಂದು ಆಸ್ಪತ್ರೆ ಆಡಳಿತ ಓದುವ ಒಬ್ಬ ಎಂಎಚ್‌ಎ ವಿದ್ಯಾರ್ಥಿ ಒಂದು ವರ್ಷ ತಿರುಗಿ ಬರೆದರೆ ಸಾಕು. ಅದಕ್ಕಿಂತ ಉಪಯುಕ್ತ ಪ್ರಬಂಧ ನನಗಂತೂ ತೋಚುವುದಿಲ್ಲ.

ನೀರಿನ ಲೆಕ್ಕ ಚಿಕ್ಕದು, ಆದರೆ ಹೇಳಲೇಬೇಕು. ಮಾನಕದ ಪ್ರಕಾರ 100 ಹಾಸಿಗೆವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್. ನಮ್ಮ 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆಗೆ 34,000 ಲೀಟರ್ ಆಯಿತು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರೇ ಗತಿ. ಅದೇ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಾಲ್ಕು ಗಂಟೆಯ ಒಂದು ಡಯಾಲಿಸಿಸ್ಸಿಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ 120 ಲೀಟರ್ ದ್ರಾವಣ ಹರಿಯುತ್ತದೆ. ಆ ನೀರನ್ನು ಆರ್‌ಒ ಶುದ್ಧಗೊಳಿಸುವಾಗ ಹೊರತಳ್ಳುವ ನೀರು ಬೇರೆ. ಈ ಹೊರತಳ್ಳಿದ ನೀರು ರೋಗಿಯ ರಕ್ತದ ಹತ್ತಿರ ಸುಳಿದದ್ದೂ ಅಲ್ಲ. ಉಪ್ಪಿನಂಶ ಹೆಚ್ಚಿರುವ ಮಾಮೂಲಿ ನೀರು. ನಾನು ನೋಡಿದ ಘಟಕದಲ್ಲಿ ಅದು ಒಂದು ನೀಲಿ ಪೈಪಿನಲ್ಲಿ ಸೀದಾ ಚರಂಡಿಗೆ ಹೋಗುತ್ತಿತ್ತು. ಚರಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಶೌಚಾಲಯದ ಸಂಪು, ಅದನ್ನು ತುಂಬಲು ಟ್ಯಾಂಕರ್ ನಿಂತಿತ್ತು. ಹತ್ತು ಹೆಜ್ಜೆಯ ಪೈಪು ಹಾಕಿಸಲು ಅಂದಾಜು ಪಟ್ಟಿ, ಮಂಜೂರಾತಿ, ಡಯಾಲಿಸಿಸ್ ನಡೆಸುವ ಗುತ್ತಿಗೆದಾರರ ಒಪ್ಪಿಗೆ. ಅದು ಯಾರ ಕೆಲಸ ಎಂದು ತೀರ್ಮಾನವಾಗುವಷ್ಟರಲ್ಲಿ ಮಳೆಗಾಲ ಬಂತು.

ಕಸದ ವಿಷಯದಲ್ಲಿ ನಿಯಮಕ್ಕೆ ಕೊರತೆಯಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಳದಿ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಿವೆ. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಚೀಲಕ್ಕೆ ಬಾರ್‌ಕೋಡ್ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ 85 ಮನೆಯ ಕಸದಂಥದ್ದೇ, ಅಪಾಯದ್ದು ಶೇ 15. ನಮ್ಮಲ್ಲಿ ಟೀ ಲೋಟ, ಬಾಳೆಹಣ್ಣಿನ ಸಿಪ್ಪೆ, ಬಾಣಂತಿಗೆ ತಂದ ಎಳನೀರಿನ ಬುರುಡೆ ಎಲ್ಲ ಹಳದಿ ಡಬ್ಬಕ್ಕೆ ಬೀಳುತ್ತವೆ, ಯಾಕೆಂದರೆ ಮಂಚದ ಹತ್ತಿರ ಇರುವ ಡಬ್ಬ ಅದೊಂದೇ. ಎಳನೀರಿನ ಬುರುಡೆಯನ್ನು 800 ಡಿಗ್ರಿಯ ಭಸ್ಮಕುಲುಮೆಯಲ್ಲಿ ಸುಡುವ ದೇಶ ನಮ್ಮದು! ಗೋಡೆಗೆ ಇನ್ನೊಂದು ಪೋಸ್ಟರ್ ಅಂಟಿಸಿದರೆ ಆಗುವ ಕೆಲಸವಲ್ಲ. ಸಾಮಾನ್ಯ ಕಸದ ಡಬ್ಬ ಎಲ್ಲಿಡಬೇಕು ಎಂದು ವಾರ್ಡಿನಲ್ಲಿ ಒಂದು ವಾರ ಕೂತು ನೋಡಬೇಕು. ನೋಡಬೇಕಾದವರು ಗುತ್ತಿಗೆಯ ಮೇಲೆ ಬರುವ ಹೌಸ್‌ಕೀಪಿಂಗ್ ಹೆಂಗಸರ ಜತೆ ಕೂತು ಮಾತಾಡಬೇಕು. ಅವರಿಗೆ ಗೊತ್ತಿರುವಷ್ಟು ಆಸ್ಪತ್ರೆ ನಿರ್ವಹಣೆ ಎಷ್ಟೋ ಪ್ರಾಧ್ಯಾಪಕರಿಗೆ ಗೊತ್ತಿಲ್ಲ. ಏಜೆನ್ಸಿಯಿಂದ ಸಂಬಳ ತಡವಾದ ತಿಂಗಳು ವಿಂಗಡಣೆ ಹಾಳಾಗುತ್ತದೆ ಎಂಬುದು ನನ್ನ ಕಣ್ಣಂದಾಜು. ಅದು ಸರಿಯೋ ತಪ್ಪೋ ಅಳೆದು ನೋಡಿ.

ಕುಲಪತಿಗಳೇ, ಈಗ ನಿಮ್ಮ ಕಡೆಗೆ ತಿರುಗುತ್ತೇನೆ.

ನಿಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಬಂಧ ಬರೆಯುತ್ತಾರೆ. ನಮ್ಮ ಆಸ್ಪತ್ರೆಗೂ ಬರುತ್ತಿದ್ದರು. ಪಾಪ, ಒಳ್ಳೆಯ ಮಕ್ಕಳು. ಪ್ರಶ್ನಾವಳಿ ಹಿಡಿದು ಬಂದು ಹೊರರೋಗಿಗಳ ಸಾಲಿನಲ್ಲಿ ನಿಂತವರನ್ನು ‘ಸೇವೆಯಿಂದ ನಿಮಗೆ ತೃಪ್ತಿ ಇದೆಯೇ’ ಎಂದು ಕೇಳಿ, ಒಂದರಿಂದ ಐದರವರೆಗೆ ಅಂಕ ಬರೆದುಕೊಂಡು ಹೋಗುತ್ತಿದ್ದರು. ಜ್ವರ ಬಂದ ಮಗುವನ್ನು ಎತ್ತಿಕೊಂಡ ತಾಯಿ ಐದಕ್ಕೆ ಎಷ್ಟು ಕೊಟ್ಟಾಳು? ಚೀಟಿ ಸಿಕ್ಕಿದರೆ ಸಾಕು ಎಂದು ನಾಲ್ಕು ಕೊಡುತ್ತಾಳೆ. ಆ ಪ್ರಬಂಧಗಳಲ್ಲಿ ಒಂದಾದರೂ ತಿರುಗಿ ನಮ್ಮ ಆಸ್ಪತ್ರೆಗೆ ಬಂದದ್ದು ನನಗೆ ನೆನಪಿಲ್ಲ. ಬಂದಿದ್ದರೂ ಇಂಗ್ಲಿಷಿನಲ್ಲಿ, ನೂರು ಪುಟದ ರಟ್ಟು ಹಾಕಿದ ಪುಸ್ತಕ. ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಅದನ್ನು ಓದುವವರು ಯಾರು?

ನನ್ನ ಬೇಡಿಕೆ ಇದು. ಆಸ್ಪತ್ರೆ ಆಡಳಿತ, ಸಮುದಾಯ ವೈದ್ಯಶಾಸ್ತ್ರ, ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಂದು ಪಾಲನ್ನಾದರೂ ತಾಲ್ಲೂಕು ಆಸ್ಪತ್ರೆಗಳಿಗೆ ಹಂಚಿ. ರಾಜ್ಯದಲ್ಲಿ 140ಕ್ಕೂ ಹೆಚ್ಚು ತಾಲ್ಲೂಕು ಆಸ್ಪತ್ರೆಗಳಿವೆ, ವಿದ್ಯಾರ್ಥಿಗಳಿಗೆ ಬರವಿಲ್ಲ. ಅವರು ಬಿಲ್ಲು, ಲಾಗ್ ಬುಕ್ಕು, ರೆಫರಲ್ ರಿಜಿಸ್ಟರು ಹಿಡಿದು ಕೆಲಸ ಮಾಡಲಿ. ಹೊಸ ಯೋಜನೆಯ ಆರಂಭವನ್ನೇ ಎಲ್ಲರೂ ಅಳೆಯುವುದು ಬೇಡ. ಐದು ವರ್ಷದ ಹಿಂದೆ ಮುಗಿದ ಯೋಜನೆಯ ಜಾಗಕ್ಕೆ ಹೋಗಿ ಏನು ಉಳಿದಿದೆ ಎಂದು ನೋಡುವುದೂ ಸ್ವತಂತ್ರ ಸಂಶೋಧನೆ ಎಂದು ನಿಮ್ಮ ಪರೀಕ್ಷಕರು ಒಪ್ಪಲಿ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಈ ರಾಜ್ಯದ ಆರೋಗ್ಯ ವ್ಯವಸ್ಥೆಯ ಬಗ್ಗೆ ದೊಡ್ಡ ವರದಿ ಕೊಟ್ಟಿತ್ತು. ಅದರ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಜಾರಿಯಾಗಿ ಸತ್ತಿತು, ಯಾವುದು ಹುಟ್ಟಲೇ ಇಲ್ಲ ಎಂಬುದೇ ಹತ್ತು ಪ್ರಬಂಧಗಳ ವಸ್ತು. ಮತ್ತು ಪ್ರತಿ ಪ್ರಬಂಧದ ಜತೆ ನಾಲ್ಕು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಲಿ. ಅದನ್ನು ಆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಶಾಸಕರ ಎದುರು, ಸದಸ್ಯರ ಎದುರು ವಿದ್ಯಾರ್ಥಿಯೇ ಓದಿ ಹೇಳಿ, ನಡಾವಳಿಯಲ್ಲಿ ದಾಖಲಾದ ಮೇಲೆ ಪದವಿ ಕೊಡಿ.

ಸಚಿವರೇ, ನಿಮ್ಮ ಇಲಾಖೆಯಿಂದ ಆಗಬೇಕಾದದ್ದು ಇದಕ್ಕಿಂತ ಕಷ್ಟದ್ದು. ಬಾಗಿಲು ತೆರೆಯಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯ ತಿಂಗಳ ಕರೆಂಟ್ ಯೂನಿಟ್, ಟ್ಯಾಂಕರ್ ಸಂಖ್ಯೆ, ಹಳದಿ ಚೀಲದ ತೂಕ, ಕೆಟ್ಟ ಉಪಕರಣಗಳು ಮತ್ತು ಕೆಟ್ಟಿದ್ದ ದಿನಗಳು, ಯಾವ ಕಾರಣಕ್ಕೆ ಎಷ್ಟು ರೋಗಿಗಳನ್ನು ಮುಂದಕ್ಕೆ ಕಳುಹಿಸಿದರು ಎಂಬುದು ಆಸ್ಪತ್ರೆಯ ಗೋಡೆಯ ಮೇಲೂ ಇಲಾಖೆಯ ಜಾಲತಾಣದಲ್ಲೂ ಇರಲಿ.

ಇದನ್ನು ಕೇಳಿದರೆ ನಮ್ಮ ಅಧಿಕಾರಿಗಳು ಹೆದರುತ್ತಾರೆ, ಹೆದರಿಕೆಗೆ ಕಾರಣವೂ ಇದೆ. ನಮ್ಮಲ್ಲಿ ಅಂಕಿ ಕೇಳುವುದು ನೋಟಿಸ್ ಕೊಡಲು ಎಂಬ ನಂಬಿಕೆ ಬೇರೂರಿದೆ. ಲಸಿಕೆ ಪೆಟ್ಟಿಗೆಯ ಮೇಲೆ ನೇತುಹಾಕಿದ ತಾಪಮಾನದ ಪಟ್ಟಿಯನ್ನು ಎಂದಾದರೂ ಹತ್ತಿರದಿಂದ ನೋಡಿ. ದಿನಕ್ಕೆ ಎರಡು ಬಾರಿ ಬರೆಯಬೇಕಾದದ್ದು. ಕೆಲವು ಕಡೆ ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ, 4, 4, 5, 4, 4, 5. ಸೋಮವಾರವೂ ಅದೇ, ಯುಗಾದಿಯ ದಿನವೂ ಅದೇ. ಬರೆದವರನ್ನು ಬೈಯುವುದು ಸುಲಭ. ಆದರೆ 9 ಎಂದು ನಿಜ ಬರೆದ ಸಿಸ್ಟರ್‌ಗೆ ನೋಟಿಸ್ ಹೋಗಿ, 4 ಎಂದು ಸುಳ್ಳು ಬರೆದವರಿಗೆ ಏನೂ ಆಗದ ಪದ್ಧತಿಯನ್ನು ಕಟ್ಟಿದವರು ಯಾರು? ನಿಜ ಬರೆದವರಿಗೆ ರಕ್ಷಣೆ ಕೊಡುವ ಒಂದು ಸುತ್ತೋಲೆ ಮೊದಲು ಹೊರಡಲಿ. ಸಂಶೋಧನೆಗೆ ಕೊಟ್ಟ ಅಂಕಿಯ ಆಧಾರದ ಮೇಲೆ ಶಿಸ್ತುಕ್ರಮ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ. ಅದಿಲ್ಲದೆ ಯಾವ ಸಂಶೋಧನೆ ನಡೆದರೂ ಅದು 4, 4, 5, 4ರ ಮೇಲೆ ಕಟ್ಟಿದ ಸಂಶೋಧನೆ.

ಇನ್ನೊಂದು ಮಾತು ಆಡಳಿತ ವೈದ್ಯಾಧಿಕಾರಿಗಳ ಕುರಿತು. ಬೆಳಿಗ್ಗೆ ಓಪಿಡಿ ನೋಡಿ, ಮಧ್ಯಾಹ್ನ ಸಿಸೇರಿಯನ್ ಮಾಡಿ, ಸಂಜೆ ಕಡತಕ್ಕೆ ಸಹಿ ಹಾಕುವ ಹೆರಿಗೆ ತಜ್ಞೆಯೇ ಆ ಆಸ್ಪತ್ರೆಯ ಮ್ಯಾನೇಜರ್ ಕೂಡ. ಆಸ್ಪತ್ರೆ ನಡೆಸುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಆಸ್ಪತ್ರೆಗಳ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಶಸ್ತಿಯ ಮೌಲ್ಯಮಾಪನ ಹತ್ತಿರ ಬಂದಾಗ ಎಲ್ಲರೂ ಓಡಾಡಿ ಬಣ್ಣ ಬಳಿಸಿ ಹೂಕುಂಡ ಇಡಿಸುತ್ತಾರೆ. 2015ರಿಂದ ಆ ಪ್ರಶಸ್ತಿಯ ದೆಸೆಯಿಂದ ಆಸ್ಪತ್ರೆಗಳು ಚೊಕ್ಕಟವಾಗಿವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಮೌಲ್ಯಮಾಪಕರು ಹೋದ ಮೂರನೇ ತಿಂಗಳು ಹೋಗಿ ನೋಡುವ ಏರ್ಪಾಡು ಇಲ್ಲ. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಮಾಡಿ, ಪ್ರತಿ ಆಸ್ಪತ್ರೆಗೆ ಒಂದು ಪಾಸ್‌ಬುಕ್ ಕೊಟ್ಟಿತು: ನಿಮ್ಮ ಪಾಲು ಇಷ್ಟು, ತೆಗೆದುಕೊಂಡದ್ದು ಇಷ್ಟು, ಉಳಿದದ್ದು ಇಷ್ಟು. ನಿರ್ವಹಣೆಗೂ ಅಂಥದೊಂದು ಪಾಸ್‌ಬುಕ್ ನಮ್ಮ ಆಸ್ಪತ್ರೆಗಳಿಗೆ ಕೊಡಿ. ಕರೆಂಟಿನಲ್ಲಿ, ನೀರಿನಲ್ಲಿ ಉಳಿಸಿದ್ದು ಅದರಲ್ಲೇ ಜಮೆಯಾಗಲಿ. ಗ್ಯಾಸ್ಕೆಟ್ಟು, ಫಿಲ್ಟರು, ಬ್ಯಾಟರಿ, ಹತ್ತು ಹೆಜ್ಜೆಯ ಪೈಪು ಇಂಥವಕ್ಕೆ ಆಡಳಿತ ವೈದ್ಯಾಧಿಕಾರಿಯೇ ಕೊಟೇಶನ್ನಿನ ಕಾಟವಿಲ್ಲದೆ ಖರ್ಚು ಮಾಡಲಿ. ವರ್ಷದ ಕೊನೆಗೆ ಲೆಕ್ಕ ಗೋಡೆಯ ಮೇಲೆ ಬರಲಿ. ಎರಡು ಜಿಲ್ಲೆಗಳಲ್ಲಿ ಹೀಗೆ ಮಾಡಿ, ಇನ್ನೆರಡು ಜಿಲ್ಲೆಗಳನ್ನು ಈಗಿನಂತೆಯೇ ಬಿಟ್ಟು, ಮೂರು ವರ್ಷವಾದ ಮೇಲೆ ಹೋಲಿಸಿ. ಆ ಹೋಲಿಕೆಯನ್ನು ವಿಶ್ವವಿದ್ಯಾಲಯ ಮಾಡಲಿ, ಇಲಾಖೆಯಲ್ಲ. ಫಲ ಕೆಟ್ಟದ್ದಾದರೂ ಪ್ರಕಟಿಸುವುದಾಗಿ ಮೊದಲೇ ಬರೆದುಕೊಡಿ.

ದುಡ್ಡೆಲ್ಲಿದೆ ಎಂದು ಹಣಕಾಸು ಇಲಾಖೆ ಕೇಳುತ್ತದೆ. ಹೊಸ ದುಡ್ಡು ಬೇಡ. ಪ್ರತಿ ಹೊಸ ಉಪಕರಣ, ಪ್ರತಿ ಹೊಸ ಕಟ್ಟಡ, ಪ್ರತಿ ಸೌರ ಫಲಕದ ಮಂಜೂರಾತಿ ಆದೇಶದಲ್ಲೇ ಹತ್ತು ವರ್ಷದ ನಿರ್ವಹಣೆಯ ಹಣ ಎಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಒಂದು ಸಾಲು ಸೇರಿಸಿ. ಆ ಸಾಲು ಇಲ್ಲದ ಆದೇಶಕ್ಕೆ ಸಹಿ ಹಾಕಬೇಡಿ. ಮೊದಲಿಗೆ ಸೌರ ಸ್ವಾಸ್ಥ್ಯದ ಬ್ಯಾಟರಿಗಳಿಗೇ ಇದು ಅನ್ವಯವಾಗಲಿ, ಅವುಗಳ ಆರನೇ ವರ್ಷ ದೂರವಿಲ್ಲ. ಯಾವ ಕೇಂದ್ರದ ಬ್ಯಾಟರಿ ಯಾವ ವರ್ಷ ಬದಲಾಗಬೇಕು, ಹಣ ಎಲ್ಲಿಂದ ಎಂಬ ಪಟ್ಟಿ ನಿಮ್ಮ ಕಚೇರಿಯಲ್ಲಿ ಈಗಾಗಲೇ ಇದ್ದರೆ ದಯವಿಟ್ಟು ಪ್ರಕಟಿಸಿ. ಇಲ್ಲದಿದ್ದರೆ, ಪಟ್ಟಿ ತಯಾರಿಸಲು ಜಿಲ್ಲೆಗೊಬ್ಬ ನಿವೃತ್ತ ಗುಮಾಸ್ತ ಸಿಗುತ್ತಾನೆ. ನನ್ನ ಜಿಲ್ಲೆಗೆ ನಾನು ತಯಾರಿದ್ದೇನೆ, ಗೌರವಧನ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ, ಆರೋಗ್ಯ ಇಲಾಖೆ

ಪ್ರತಿಗಳು:
1. ಎಲ್ಲ ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿ ಸದಸ್ಯರಿಗೆ, ಮುಂದಿನ ಸಭೆಯ ಕಾರ್ಯಸೂಚಿಗಾಗಿ.
2. ಈ ವರ್ಷ ಪ್ರಬಂಧದ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ, ಸೂಕ್ತ ಕ್ರಮಕ್ಕಾಗಿ.